ಒಂದು ಪುಟಕ್ಕೆ ಹಿಡಿಸಿದ ಏಳು ಸೂಚನೆಗಳು

ನಮ್ಮ ಬೀದಿಯ ಹನ್ನೆರಡು ಮನೆಗಳಲ್ಲಿ ಮುಂಬಾಗಿಲ ಒಳಬದಿಗೆ ಒಂದೊಂದು ಹಾಳೆ ಅಂಟಿಸಿದೆ. ‘ರಾತ್ರಿ ಅಪರಿಚಿತರು ಬಾಗಿಲಿಗೆ ಬಂದರೆ’ ಎಂದು ಮೇಲೆ ದಪ್ಪ ಅಕ್ಷರದಲ್ಲಿದೆ, ಕೆಳಗೆ ಏಳು ಸೂಚನೆಗಳಿವೆ. ಲ್ಯಾಮಿನೇಷನ್ ಮಾಡಿಸಿದ್ದರಿಂದ ಎರಡು ವರ್ಷವಾದರೂ ಹಾಳೆ ಹಳದಿಯಾಗಿಲ್ಲ. ಕಾಗುಣಿತದ ಒಂದು ತಪ್ಪೂ ಅದರಲ್ಲಿಲ್ಲ. ಇರುವುದೂ ಇಲ್ಲ, ಏಕೆಂದರೆ ಬರೆದವಳು ನಾನು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ತರಗತಿಯಲ್ಲಿ ಕನ್ನಡ. ಮಂಗಳೂರಿನಲ್ಲಿ ಇದು ವಿಶೇಷವೇನಲ್ಲ. ಗಂಡ ಇಪ್ಪತ್ತಾರು ವರ್ಷದಿಂದ ಮಸ್ಕತ್ತಿನಲ್ಲಿ ಒಂದೇ ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಬರುತ್ತಾರೆ. ಮಕ್ಕಳಿಲ್ಲ. ಬಿಕರ್ನಕಟ್ಟೆಯ ಜಂಕ್ಷನ್ನಿನಿಂದ ಒಳಗೆ ಐದು ನಿಮಿಷ ನಡೆದರೆ ಸಿಗುವ ಹೆಂಚಿನ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಒಬ್ಬಳೇ ಇದ್ದೇನೆ ಎಂದು ಆಗ ಯಾವತ್ತೂ ಅನ್ನಿಸಿರಲಿಲ್ಲ, ಪಕ್ಕದ ಮನೆಯಲ್ಲಿ ಅವಳಿದ್ದಳು.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ, ನನಗಿಂತ ಎಂಟು ವರ್ಷ ದೊಡ್ಡವಳು. ಒಂದು ಕಾಲಕ್ಕೆ ಗದ್ದೆಗಳಿದ್ದ ತುಳು ಮನೆತನ, ಈಗ ಅವರದು ಹೋಟೆಲು. ಗಂಡ ತೀರಿಹೋದ ಮೇಲೆ ಅವಳು ತಮ್ಮನ ಜೊತೆ ಇದ್ದಳು. ತಮ್ಮ ಮದುವೆಯಾದವನಲ್ಲ, ಪೇಟೆಯಲ್ಲಿ ಊಟದ ಹೋಟೆಲು ನಡೆಸುತ್ತಾನೆ, ರಾತ್ರಿ ಹನ್ನೆರಡರ ಮೊದಲು ಮನೆ ಸೇರಿದವನೂ ಅಲ್ಲ. ನಮ್ಮ ಎರಡು ಕಂಪೌಂಡುಗಳ ನಡುವೆ ಒಂದು ತಡಮೆ ಇತ್ತು. ಗೋಡೆಯಲ್ಲಿ ಒಬ್ಬರು ದಾಟುವಷ್ಟು ಸಂದು, ದನ ನುಗ್ಗದಂತೆ ಅಡ್ಡಕ್ಕೆ ಎರಡು ಕಲ್ಲು. ನಮ್ಮ ಬೀದಿಯಲ್ಲಿ ದನಗಳು ಹೋಗಿ ಯಾವ ಕಾಲವಾಯಿತೋ, ತಡಮೆ ಮಾತ್ರ ಉಳಿದುಕೊಂಡಿತ್ತು. ಅದನ್ನು ದಾಟಿ ಬಂದು ಅವಳು ನನ್ನ ಅಡುಗೆಮನೆಯ ಬಾಗಿಲು ತಟ್ಟುತ್ತಿದ್ದಳು. ಒಳಗಿನಿಂದ ನಾನು “ಏರ್?” ಎನ್ನಬೇಕು, ಯಾರು ಎಂದು ತುಳುವಿನಲ್ಲಿ. ಅವಳು “ಯಾನ್” ಎನ್ನಬೇಕು, ನಾನು ಎಂದು.

“ಏರ್?”

“ಯಾನ್ ಮಾರಾಯ್ತಿ, ಬಾಕಿಲ್ ದೆಪ್ಪು.”

ಬಾಗಿಲು ತೆಗೆ ಎಂದು ಅವಳು ಹೇಳಿ ಮುಗಿಸುವ ಹೊತ್ತಿಗೆ ಅದು ತೆರೆದೇ ಇರುತ್ತಿತ್ತು. ಅವಳೇ ಎಂದು ಗೊತ್ತಿದ್ದೂ ಕೇಳುತ್ತಿದ್ದೆ, ಅವಳೂ ಬೇಸರವಿಲ್ಲದೆ ಹೇಳುತ್ತಿದ್ದಳು. ಹೆಸರು ಬೇಡ, ‘ನಾನು’ ಎಂದರೆ ಸಾಕು ಎನ್ನುವಂಥವರು ಒಬ್ಬರ ಬದುಕಿನಲ್ಲಿ ಎಷ್ಟು ಮಂದಿ ಇರುತ್ತಾರೆ? ನನಗೆ ಇಬ್ಬರಿದ್ದರು, ಅದರಲ್ಲಿ ಒಬ್ಬರು ಮಸ್ಕತ್ತಿನಲ್ಲಿ.

ಈ ಮನೆಗೆ ನಾನು ಮದುವೆಯಾಗಿ ಬಂದಾಗ ಬಾಗಿಲ ಬಗ್ಗೆ ಇಷ್ಟೊಂದು ಯೋಚನೆ ಯಾರಿಗೂ ಇರಲಿಲ್ಲ. ಬಾಲಯೇಸುವಿನ ದೇವಾಲಯಕ್ಕೆ ಬಂದವರು ದಾರಿ ತಪ್ಪಿ ನಮ್ಮ ಗೇಟಿನವರೆಗೆ ಬಂದುಬಿಡುತ್ತಿದ್ದರು. ಅತ್ತೆ ಅವರನ್ನು ಜಗಲಿಯಲ್ಲಿ ಕೂರಿಸಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಟ್ಟ ಮೇಲೆಯೇ ಯಾರು ಏನು ಎಂದು ವಿಚಾರಿಸುತ್ತಿದ್ದರು. ನನಗೆ ಕೆಲವು ಸಲ ಕಿರಿಕಿರಿಯಾಗುತ್ತಿತ್ತು. ಬೆಲ್ಲದ ಡಬ್ಬಿ ವಾರಕ್ಕೆ ಖಾಲಿಯಾಗುತ್ತದೆ ಎಂದು ಒಂದು ಸಲ ಬಾಯಿಬಿಟ್ಟೇ ಹೇಳಿದ್ದೆ. ಮರುದಿನ ಅತ್ತೆ ದೊಡ್ಡ ಡಬ್ಬಿ ತಂದಿಟ್ಟರು.

ಎರಡು ವರ್ಷದ ಹಿಂದೆ ಹಿಂದಿನ ಬೀದಿಯಲ್ಲಿ ಒಂದು ಘಟನೆ ನಡೆಯಿತು. ರಾತ್ರಿ ಒಂಬತ್ತೂವರೆಗೆ ಇಬ್ಬರು ಹೆಲ್ಮೆಟ್ ತೆಗೆಯದೆ ಕೊರಿಯರ್ ಎಂದು ಬೆಲ್ ಒತ್ತಿದರು. ಬಾಗಿಲು ತೆಗೆದ ಹೆಂಗಸನ್ನು ತಳ್ಳಿ, ಕತ್ತಿನ ಸರ ಕಿತ್ತುಕೊಂಡು ಓಡಿದರು. ಬಿದ್ದ ಪೆಟ್ಟಿಗೆ ಆ ಹೆಂಗಸಿನ ಸೊಂಟ ಮುರಿಯಿತು. ಭಯ ಪಡಲು ಅಷ್ಟು ಸಾಕಿತ್ತು, ಆದರೆ ಅಷ್ಟಕ್ಕೇ ನಾವು ನಿಲ್ಲಿಸಲಿಲ್ಲ. ಬೀದಿಗೊಂದು ವಾಟ್ಸಾಪ್ ಗುಂಪಾಯಿತು. ಎಲ್ಲೆಲ್ಲಿಯದೋ ವಿಡಿಯೋಗಳು ಅದಕ್ಕೆ ಬಂದು ಬೀಳತೊಡಗಿದವು. ಅಳುವ ಹೆಂಗಸೊಬ್ಬಳನ್ನು ಮುಂದೆ ಕಳಿಸಿ ಗಂಡಸರು ಕತ್ತಲಲ್ಲಿ ಅಡಗಿ ನಿಲ್ಲುತ್ತಾರಂತೆ. ಮನೆಯವರ ಹೆಸರು, ಕೆಲಸ ಎಲ್ಲ ಮೊದಲೇ ತಿಳಿದುಕೊಂಡು ಬರುತ್ತಾರಂತೆ. ಗಂಡ ದಿನಾ ರಾತ್ರಿ ಫೋನಿನಲ್ಲಿ ಒಂದೇ ಮಾತು ಕೇಳುತ್ತಿದ್ದರು, ಗೇಟಿಗೆ ಬೀಗ ಹಾಕಿದೆಯಾ ಎಂದು. ಊಟ ಮಾಡಿದೆಯಾ ಎಂದು ಕೇಳುವುದನ್ನು ಮರೆತರು.

ತಡಮೆಯನ್ನು ಮುಚ್ಚಿಸಿದ್ದು ನಾನೇ. ಅದರಲ್ಲಿ ಯಾರು ಬೇಕಾದರೂ ನುಗ್ಗಬಹುದು ಎಂದು ಗುಂಪಿನಲ್ಲಿ ಯಾರೋ ಬರೆದಿದ್ದರು. ಮೇಸ್ತ್ರಿ ಕೆಂಪು ಕಲ್ಲು ಇಡುತ್ತಿದ್ದಾಗ ಅಕ್ಕ ಆಚೆ ಬದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಇನ್ನು ನಾನು ಬರ್ಬೇಕಾದ್ರೆ ರೋಡಿಗೆ ಹೋಗಿ ಸುತ್ತಿ ಬರ್ಬೇಕಲ್ಲ ಬಾಯಮ್ಮ. ವೀಸಾ ಬೇಕಾಗ್ತದಾ?” ಎಂದು ನಕ್ಕಳು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುತ್ತಾರೆ, ಅವಳು ಬೇಕೆಂದೇ ನನ್ನನ್ನು ಹಾಗೆ ಕರೆಯುತ್ತಿದ್ದಳು.

ಆಮೇಲೆ ಅವಳದೇ ಜಗಲಿಯಲ್ಲಿ ಸಭೆ ನಡೆಯಿತು. ನಮ್ಮ ಭಾಗದ ಬೀಟ್ ಪೊಲೀಸ್ ಬಂದಿದ್ದರು, ಐವತ್ತು ದಾಟಿದ, ಸಮಾಧಾನದ ಮನುಷ್ಯ. ಬಾಗಿಲಿಗೆ ಸರಪಳಿ ಇರಲಿ, ಬೆಲ್ ಆದ ಕೂಡಲೇ ಒಳಗಿನ ದೀಪ ಆರಿಸಿ ಹೊರಗಿನ ದೀಪ ಹಾಕಿ, ಕಿಟಕಿಯಿಂದಲೇ ಮಾತಾಡಿ ಎಂದೆಲ್ಲ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅಕ್ಕ ನಡುವೆ ಬಾಯಿ ಹಾಕಿದಳು.

“ಇಷ್ಟೆಲ್ಲ ಎಂತಕ್ಕೆ ಸಾರ್? ಒಳಗಿಂದ ‘ಏರ್’ ಅಂತ ಕೇಳುದು. ನಮ್ಮವರಾದ್ರೆ ತುಳುವಿನಲ್ಲಿ ಉತ್ತರ ಬರ್ತದೆ. ಹೊರಗಿನ ಕಳ್ಳನಿಗೆ ತುಳು ಎಲ್ಲಿಂದ?”

ಎಲ್ಲರೂ ನಕ್ಕರು, ಒಳ್ಳೆಯ ಉಪಾಯ ಎಂದರು. ಪೊಲೀಸಿನವರು ಮಾತ್ರ ನಗಲಿಲ್ಲ. “ನಾವು ಹಿಡಿದವರಲ್ಲಿ ಚಂದ ತುಳು ಮಾತಾಡುವವರೂ ಇದ್ದಾರಮ್ಮ” ಎಂದರು. ಆ ಮಾತು ಯಾರಿಗೂ ರುಚಿಸಲಿಲ್ಲ. ಹೊರಡುವಾಗ ಅವರು ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಸೇರಿಸಿದರು. “ಬಾಗಿಲು ತೆಗೀಬೇಡಿ, ಸರಿ. ಆದ್ರೆ ಹೊರಗೆ ನಿಂತವರಿಗೆ ನಿಜವಾಗಿಯೂ ಕಷ್ಟ ಇರ್ಬಹುದು. ಒಳಗೆ ಕೂತೇ ನಮಗೊಂದು ಫೋನ್ ಮಾಡಿ, ಆಂಬ್ಯುಲೆನ್ಸಿಗೆ ಮಾಡಿ, ಪಕ್ಕದವರಿಗೆ ಮಾಡಿ. ಅದಕ್ಕೆ ಬಾಗಿಲು ತೆಗೀಬೇಕಂತ ಇಲ್ಲ.”

ಅದನ್ನೂ ಬರೆದುಕೊಂಡೆ. ಮನೆಗೆ ಬಂದು ಎಣಿಸಿದಾಗ ಹನ್ನೊಂದು ಅಂಶಗಳಾಗಿದ್ದವು. ವಯಸ್ಸಾದವರಿಗೂ ಓದಲು ಬರಬೇಕಾದರೆ ಅಕ್ಷರ ದೊಡ್ಡದಿರಬೇಕು, ದೊಡ್ಡದಾದರೆ ಒಂದು ಪುಟಕ್ಕೆ ಹಿಡಿಸುವುದಿಲ್ಲ. ಮಕ್ಕಳಿಗೆ ಸಂಕ್ಷೇಪ ಬರೆಯಲು ಕಲಿಸುತ್ತಾ ಮೂವತ್ತು ವರ್ಷ ಕಳೆದವಳು ನಾನು. ಎರಡನ್ನು ಒಂದಾಗಿಸಿದೆ, ಮೂರನ್ನು ಹೊಡೆದುಹಾಕಿದೆ. ಹೊಡೆದುಹಾಕಿದ್ದರಲ್ಲಿ ಪೊಲೀಸಿನವರ ಕೊನೆಯ ಮಾತೂ ಒಂದು. ಅದು ಸೂಚನೆಯಲ್ಲ, ಬರೀ ಉಪದೇಶ ಎಂದು ನನಗೆ ತೋರಿತು. ‘ಯಾರಿಗೋ ಹುಷಾರಿಲ್ಲ, ಅಪಘಾತವಾಗಿದೆ ಎಂದು ಅತ್ತರೂ ನಂಬಬೇಡಿ’ ಎಂಬುದನ್ನು ಉಳಿಸಿಕೊಂಡೆ. ಅಕ್ಕನ ‘ಏರ್’ ಆರನೆಯ ಸೂಚನೆಯಾಯಿತು. ಒಂದು ಪುಟಕ್ಕೆ ಸರಿಯಾಗಿ ಕೂತಿತು. ಎಲ್ಲರೂ ಹೊಗಳಿದರು, ನನಗೂ ಹೆಮ್ಮೆಯೇ ಆಗಿತ್ತು.

ಕಳೆದ ಮೇ ತಿಂಗಳ ರಜೆಯಲ್ಲಿ ಬೋಳಾರದ ತಂಗಿ ಕಾಲು ಮುರಿದುಕೊಂಡಳು. ನಾಲ್ಕು ದಿನ ಅವಳ ಮನೆಯಲ್ಲಿದ್ದು ಅಡುಗೆ, ಆರೈಕೆ ಮಾಡಿ, ಒಂದು ಸಂಜೆ ಹಿಂದಿರುಗಿದೆ. ಅಕ್ಕನಿಗೆ ಆರು ತಿಂಗಳ ಹಿಂದೆ ಹೃದಯದ ಆಪರೇಷನ್ ಆಗಿತ್ತು, ಮನೆಯಲ್ಲಿ ಹಾವೇರಿ ಕಡೆಯ ಹೋಂ ನರ್ಸ್ ಒಬ್ಬಳು ಇದ್ದಳು. ಬಂದ ಕೂಡಲೇ ಒಮ್ಮೆ ಹೋಗಿ ನೋಡಬೇಕಿತ್ತು. ತಡಮೆ ಇದ್ದಿದ್ದರೆ ಹೋಗಿಯೇ ಇರುತ್ತಿದ್ದೆ. ರೋಡು ಸುತ್ತಿ ಹೋಗುವಷ್ಟು ಕಾಲಲ್ಲಿ ಬಲವಿರಲಿಲ್ಲ, ನಾಳೆ ಹೋದರಾಯಿತು ಎಂದುಕೊಂಡೆ. ಫೋನಿನಲ್ಲಿ ಬೆಳಿಗ್ಗೆ ಅವಳು ಕಳಿಸಿದ ಧ್ವನಿಸಂದೇಶವೊಂದು ಹಾಗೇ ಬಿದ್ದಿತ್ತು. ಅವಳ ಸಂದೇಶಗಳು ನಾಲ್ಕೈದು ನಿಮಿಷಕ್ಕೆ ಕಡಿಮೆ ಇರುತ್ತಿರಲಿಲ್ಲ, ಮೀನಿನ ರೇಟಿನಿಂದ ಶುರುವಾಗಿ ಎಲ್ಲಿಗೋ ಹೋಗುತ್ತಿದ್ದವು. ಅದನ್ನೂ ನಾಳೆ ಕೇಳಿದರಾಯಿತು ಎಂದುಕೊಂಡೆ.

ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಮೇ ತಿಂಗಳ ಸೆಕೆಗೆ ಬೀದಿಯ ಎಲ್ಲ ಮನೆಗಳ ಕಿಟಕಿಗಳೂ ತೆರೆದಿದ್ದವು, ಹೆಚ್ಚಿನ ಮನೆಗಳಲ್ಲಿ ಇನ್ನೂ ದೀಪವಿತ್ತು. ಗೇಟಿನ ಬೆಲ್ ಆಯಿತು. ಒಂದು ಸಲವಲ್ಲ, ಬೆರಳು ತೆಗೆಯದೆ ಒತ್ತುತ್ತಲೇ ಇದ್ದರು. ನಾನು ನನ್ನದೇ ಸೂಚನೆಗಳನ್ನು ಒಂದೊಂದಾಗಿ ಪಾಲಿಸಿದೆ. ಒಳಗಿನ ದೀಪ ಆರಿಸಿದೆ. ಹೊರಗಿನದು ಹಾಕಿದೆ. ಪರದೆ ಸರಿಸಿ ನೋಡಿದೆ. ಗೇಟಿನ ಸರಳು ಹಿಡಿದುಕೊಂಡು ಹೆಂಗಸೊಬ್ಬಳು ನಿಂತಿದ್ದಳು. ನಲವತ್ತು ನಲವತ್ತೈದರ ಪ್ರಾಯ, ನೈಟಿಯ ಮೇಲೆ ಹೊದ್ದ ಟವೆಲ್ಲಿನಂಥ ಬೈರಾಸು. ಕಾಲಲ್ಲಿ ಚಪ್ಪಲಿಯಿರಲಿಲ್ಲ. ಅಳುತ್ತಿದ್ದಳು.

“ಏರ್ ಅವು?” ಎಂದು ಕಿಟಕಿಯಿಂದ ಕೂಗಿದೆ.

ಅವಳು ಹಿಂದಿಯಂಥ ಯಾವುದೋ ಮಾತಿನಲ್ಲಿ ಗಡಬಡಿಸಿದಳು. ನನ್ನ ಹಿಂದಿ ಅಷ್ಟಕ್ಕಷ್ಟೇ. ಅಳುವಿನ ನಡುವೆ ‘ಅಮ್ಮಾ’ ಎನ್ನುವುದೂ ‘ಆಸ್ಪತಾಲ್’ ಎನ್ನುವುದೂ ಕೇಳಿತು. ಕೇಳಿ ನನಗೆ ಕನಿಕರ ಹುಟ್ಟಲಿಲ್ಲ, ಇದನ್ನೇ ತಾನೆ ನಾನು ಬರೆದದ್ದು ಎನಿಸಿತು. ಇಷ್ಟು ಸರಿಯಾಗಿ ಬರೆದಿದ್ದೇನಲ್ಲ ಎಂಬ ಒಂದು ಚೂರು ಸಮಾಧಾನವೂ ಆಯಿತು. ದೇವರೇ, ಆ ಸಮಾಧಾನವನ್ನು ಈಗ ಯಾರ ಎದುರು ಒಪ್ಪಿಕೊಳ್ಳಲಿ?

“ಟೀಚರ್! ಟೀಚರ್!” ಎಂದು ಅವಳು ಕೂಗಿದಳು.

ನಾನು ಟೀಚರ್ ಎಂದು ಇವಳಿಗೆ ಹೇಗೆ ಗೊತ್ತು? ಎಲ್ಲ ತಿಳಿದುಕೊಂಡೇ ಬಂದಿದ್ದಾರೆ. “ಏರ್? ತುಳು ಬರ್ಪುಂಡಾ?” ಎಂದು ಇನ್ನೂ ಜೋರಾಗಿ ಕೇಳಿದೆ. ಅವಳು ಕೈಯೆತ್ತಿ ಗೋಡೆಯ ಆಚೆ ಕತ್ತಲಿನತ್ತ ತೋರಿಸಿದಳು, ಮತ್ತೆ ಮತ್ತೆ ತೋರಿಸಿದಳು. ಅಲ್ಲಿ ಯಾರೋ ಅಡಗಿ ನಿಂತಿದ್ದಾರೆ, ಅವರಿಗೇ ಸನ್ನೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳು ತೋರಿಸುತ್ತಿದ್ದದ್ದು ಅಕ್ಕನ ಮನೆಯನ್ನು. ಆ ದಿಕ್ಕಿನಲ್ಲಿ ಅಕ್ಕನ ಮನೆಯಿದೆ ಎಂಬುದು ಮೂವತ್ತು ವರ್ಷದಲ್ಲಿ ಅದೊಂದು ನಿಮಿಷ ಮಾತ್ರ ನನಗೆ ಮರೆತುಹೋಗಿತ್ತು.

ಅಕ್ಕನಿಗೊಂದು ಫೋನ್ ಮಾಡೋಣವೇ ಎಂದು ಒಮ್ಮೆ ಹೊಳೆಯಿತು. ಮಾತ್ರೆ ತಗೊಂಡು ಮಲಗಿರುತ್ತಾಳೆ, ಹೃದಯದ ಕಾಯಿಲೆಯವಳನ್ನು ಇದಕ್ಕೆಲ್ಲ ಎಬ್ಬಿಸಿ ಹೆದರಿಸುವುದು ಬೇಡ ಎಂದು ಬಿಟ್ಟೆ. ಮೂರನೆಯ ಸಲ, ಗಂಟಲು ಕಿತ್ತುಹೋಗುವಂತೆ “ಏರ್?” ಎಂದೆ. ಬೀದಿಗೆಲ್ಲ ಕೇಳಿರಬೇಕು. ಆಮೇಲೆ ಕಿಟಕಿ ಮುಚ್ಚಿ, ಚಿಲಕ ಹಾಕಿ, ಗುಂಪಿಗೆ ಸಂದೇಶ ಬರೆಯಲು ಕೂತೆ. ‘ನನ್ನ ಗೇಟಿನಲ್ಲಿ ಹಿಂದಿ ಮಾತಾಡುವ ಅಪರಿಚಿತ ಹೆಂಗಸು. ಜೊತೆಗೆ ಗಂಡಸರೂ ಇರುವಂತಿದೆ. ಯಾರೂ ಬಾಗಿಲು ತೆಗೆಯಬೇಡಿ.’ ನಾನು ಒಬ್ಬ ಗಂಡಸನ್ನೂ ನೋಡಿರಲಿಲ್ಲ. ಬರೆದದ್ದನ್ನು ಒಮ್ಮೆ ಓದಿ, ಒಂದು ಒತ್ತಕ್ಷರ ತಿದ್ದಿ ಕಳಿಸಿದೆ.

ಹೆಬ್ಬೆರಳುಗಳು ಬರತೊಡಗಿದವು. ‘ಥ್ಯಾಂಕ್ಸ್ ಟೀಚರ್.’ ‘ನಾವು ಲೈಟ್ ಆಫ್ ಮಾಡಿದೆವು.’ ಕಿಟಕಿಯ ಸಂದಿನಿಂದ ನೋಡಿದೆ. ಆ ಹೆಂಗಸು ನನ್ನ ಗೇಟು ಬಿಟ್ಟು ಎದುರು ಮನೆಯತ್ತ ಓಡುತ್ತಿದ್ದಳು. ಅವಳು ತಲಪುವ ಮೊದಲೇ ಆ ಮನೆಯ ದೀಪ ಆರಿತು. ಮುಂದಿನ ಮನೆಯತ್ತ ಓಡಿದಳು, ಅದೂ ಆರಿತು. ಹೀಗೆ ಒಂದೊಂದಾಗಿ ಇಡೀ ಬೀದಿ ಕತ್ತಲಾಯಿತು. ಬೀದಿಯ ನಡುವೆ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಎಲ್ಲಿಗೆ ಹೋದಳೋ ನೋಡಲಿಲ್ಲ.

ಹನ್ನೆರಡೂಕಾಲಕ್ಕೆ ಅಕ್ಕನ ತಮ್ಮನ ಕಾರು ಬಂದ ಸದ್ದಾಯಿತು. ಸದ್ಯ, ಒಬ್ಬ ಗಂಡಸಾದರೂ ಪಕ್ಕದಲ್ಲಿದ್ದಾನೆ ಎಂದು ಧೈರ್ಯವಾಯಿತು. ಐದೇ ನಿಮಿಷದಲ್ಲಿ ಕಾರು ಮತ್ತೆ ಹೊರಟ ಸದ್ದೂ ಕೇಳಿತು. ಹೋಟೆಲಿನಲ್ಲಿ ಏನೋ ಮರೆತಿರಬೇಕು ಎಂದುಕೊಂಡೆ. ನಾನು ಆ ರಾತ್ರಿ ನಿದ್ದೆ ಮಾಡಿದೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ಚೆನ್ನಾಗಿಯೇ ನಿದ್ದೆ ಬಂತು.

ಅಕ್ಕ ಆಸ್ಪತ್ರೆಯ ದಾರಿಯಲ್ಲೇ ತೀರಿಹೋಗಿದ್ದಳು. ಒಂದು ಗಂಟೆ ಮೊದಲು ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಹಾವೇರಿಯ ಹೋಂ ನರ್ಸ್ ಕೆಲಸ ಬಿಟ್ಟು ಹೋಗಿ, ನಾನು ಬೋಳಾರದಲ್ಲಿದ್ದಾಗಲೇ ಹೊಸಬಳು ಬಂದಿದ್ದಳು. ಜಾರ್ಖಂಡಿನವಳು, ಮಂಗಳೂರಿಗೆ ಬಂದು ಎರಡು ದಿನವಾಗಿತ್ತು. ಅಕ್ಕನ ತಮ್ಮನ ನಂಬರು ಅವಳ ಬಳಿ ಇರಲಿಲ್ಲ, ಅಕ್ಕನ ಫೋನಿಗೆ ಲಾಕ್ ಇತ್ತು. ಆಂಬ್ಯುಲೆನ್ಸ್ ಕರೆಯೋಣವೆಂದರೆ ತಾನಿರುವ ಬೀದಿಯ ಹೆಸರು ಹೇಳಲೂ ಅವಳಿಗೆ ಬರುತ್ತಿರಲಿಲ್ಲ. ಏಜೆನ್ಸಿಗೆ ಫೋನ್ ಮಾಡಿದರೆ ಯಾರೂ ಎತ್ತಿರಲಿಲ್ಲ. ಅಕ್ಕನ ತಮ್ಮ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನನ್ನ ಮನೆಯನ್ನು ಬೆರಳು ಮಾಡಿ ತೋರಿಸಿ, ಏನಾದರೂ ಆದರೆ ಟೀಚರ್ ಹತ್ತಿರ ಹೋಗು ಎಂದು ಹೇಳಿದ್ದನಂತೆ. ಅವನು ಹೇಳಿದಂತೆಯೇ ಅವಳು ಮಾಡಿದ್ದಳು.

ಅಂತ್ಯಕ್ರಿಯೆ ಮುಗಿದ ರಾತ್ರಿ ಆ ಧ್ವನಿಸಂದೇಶ ತೆರೆದೆ. ಬಂಗುಡೆ ತುಟ್ಟಿಯಾದ ವಿಷಯ ಮೊದಲು ಬಂತು. ಆಮೇಲೆ, “ಬಾಯಮ್ಮ, ಹೊಸ ಹೋಂ ನರ್ಸ್ ಬಂದಿದ್ದಾಳೆ ಮಾರಾಯ್ತಿ. ಜನ ಒಳ್ಳೇದುಂಟು. ಭಾಷೆಯದ್ದೇ ಕಷ್ಟ, ನಾನು ನೀರು ಕೇಳಿದ್ರೆ ಚಾ ತರ್ತಾಳೆ. ನೀನು ಬಂದ್ಮೇಲೆ ಇಬ್ರೂ ಸೇರಿ ಅವಳಿಗೆ ಸ್ವಲ್ಪ ತುಳು ಕಲಿಸುವ. ಇಲ್ಲದಿದ್ರೆ ನೀನು ಅವಳಿಗೆ ಬಾಗಿಲು ತೆಗೀಲಿಕ್ಕಿಲ್ಲ!” ಎಂದು ಹೇಳಿ ತನ್ನ ತಮಾಷೆಗೆ ತಾನೇ ನಕ್ಕಿದ್ದಳು. ಆ ನಗು ಮುಗಿಯುವ ಮೊದಲೇ ಫೋನನ್ನು ಹಾಸಿಗೆಯ ಮೇಲೆ ಎಸೆದೆ. ಬಾಯಿಗೆ ದಿಂಬು ಒತ್ತಿಕೊಂಡು ಅತ್ತೆ.

ತಪ್ಪು ಒಪ್ಪಿಕೊಳ್ಳಲು ಹೋದಲ್ಲೆಲ್ಲ ಜನ ನನ್ನನ್ನು ಕ್ಷಮಿಸಿದರು. ಮಸ್ಕತ್ತಿನಿಂದ ಗಂಡ, ನೀನು ಮಾಡಿದ್ದೇ ಸರಿ, ಆ ಹೊತ್ತಿಗೆ ಯಾರಾದರೂ ಹಾಗೇ ಮಾಡುತ್ತಿದ್ದರು ಎಂದರು. ಇಗರ್ಜಿಯಲ್ಲಿ ಪಾಪನಿವೇದನೆಗೆ ಹೋದರೆ, ಮಗಳೇ, ತಿಳಿಯದೆ ಆದದ್ದು ಪಾಪವಲ್ಲ ಎಂದು ಫಾದರ್ ಒಂದು ಸಣ್ಣ ಪ್ರಾರ್ಥನೆ ಹೇಳಿಕೊಟ್ಟು ಕಳಿಸಿದರು. ಇಷ್ಟು ಅಗ್ಗದ ಪ್ರಾಯಶ್ಚಿತ್ತವನ್ನು ಹಿಡಿದುಕೊಂಡು ನಾನು ಎಲ್ಲಿಗೆ ಹೋಗಲಿ ಎಂದು ಕೋಪ ಬಂತು. ಅಕ್ಕನ ತಮ್ಮನ ಎದುರು ಕೂತು, ಆ ಸಂದೇಶ ಹಾಕಿದವಳೂ ನಾನೇ, ಬೀದಿಯ ದೀಪಗಳನ್ನೆಲ್ಲ ಆರಿಸಿದವಳೂ ನಾನೇ ಎಂದೆ. ಅವನು ನೆಲ ನೋಡಿಕೊಂಡು, “ನಿಮ್ಮದು ಎಂತ ತಪ್ಪುಂಟು ಟೀಚರ್? ನಾನಿದ್ರೂ ತೆಗೀತಿರ್ಲಿಲ್ಲ” ಎಂದ. ಅವನು ನನಗೆ ಎರಡು ಏಟು ಕೊಟ್ಟಿದ್ದರೆ ಇದಕ್ಕಿಂತ ಸುಲಭವಾಗುತ್ತಿತ್ತು.

ಗುಂಪಿನಲ್ಲಿ ಎಲ್ಲರೂ ಅವಳ ಫೋಟೋ ಹಾಕಿ ಕೈಮುಗಿದರು. ನನ್ನ ಆ ಸಂದೇಶ ಇನ್ನೂ ಅಲ್ಲೇ ಇದೆ, ಅದರ ಕೆಳಗೆ ಹೆಬ್ಬೆರಳುಗಳೂ ಇವೆ. ಅಳಿಸಲು ಹೋದಾಗ ತಡವಾಗಿತ್ತು, ನನ್ನ ಫೋನಿನಿಂದ ಮಾತ್ರ ಅಳಿಸಬಹುದು ಎಂದು ತೋರಿಸಿತು. ಬೇಡವೆಂದು ಬಿಟ್ಟೆ. ಒಂದು ವಾರದ ನಂತರ ಯಾರೋ ಬರೆದರು: ಇನ್ನು ಮುಂದೆ ಹೊಸ ಹೋಂ ನರ್ಸ್ ಬಂದರೆ ಅವರ ಫೋಟೋವನ್ನು ಗುಂಪಿನಲ್ಲಿ ಹಾಕಬೇಕು, ಇದನ್ನು ಎಂಟನೆಯ ಸೂಚನೆಯಾಗಿ ಸೇರಿಸೋಣ, ಟೀಚರ್ ದಯವಿಟ್ಟು ಚೆನ್ನಾಗಿ ಬರೆದುಕೊಡಿ. ನಾನು ಬರೆಯಲಿಲ್ಲ. ಮೂವತ್ತು ವರ್ಷ ಮಕ್ಕಳ ಹಾಳೆಗಳ ಮೇಲೆ ಕೆಂಪು ಗೆರೆ ಎಳೆದ ಕೈಗೆ ಪೆನ್ನು ಹಿಡಿಯಲು ಹೇಸಿಗೆಯಾಗುತ್ತಿತ್ತು.

ಹತ್ತನೆಯ ದಿನ ಬೆಳಿಗ್ಗೆ, ಹನ್ನೊಂದರ ಬಿಸಿಲಲ್ಲಿ ಗೇಟಿನ ಬೆಲ್ ಒಂದು ಸಲ ಮೆಲ್ಲಗೆ ಆಯಿತು. ಅಡುಗೆಮನೆಯಲ್ಲಿದ್ದೆ. ಬಾಯಿ ಅದರಷ್ಟಕ್ಕೇ “ಏರ್?” ಎಂದಿತು.

“ಯಾನ್” ಎಂದು ಉತ್ತರ ಬಂತು.

ಹೆಂಗಸಿನ ದನಿ. ಕೈಯಲ್ಲಿದ್ದ ಸೌಟು ಎಸೆದು ಓಡಿದೆ. ಅಡುಗೆಮನೆಯಿಂದ ಗೇಟಿನವರೆಗೆ ಇಪ್ಪತ್ತು ಹೆಜ್ಜೆಗಳಿರಬಹುದು. ಅಷ್ಟು ದೂರವೂ ನಡೆದದ್ದೆಲ್ಲ ಸುಳ್ಳು, ಅವಳು ಬಂದಿದ್ದಾಳೆ ಎಂದೇ ನಂಬಿ ಓಡಿದೆ. ಬೀಗಕ್ಕೆ ಕೀಲಿ ಹಾಕುವಾಗ ತಲೆಯೆತ್ತಿ ನೋಡಿದೆ. ಆ ಹೋಂ ನರ್ಸ್ ನಿಂತಿದ್ದಳು, ಕೈಯಲ್ಲೊಂದು ಬಟ್ಟೆಯ ಚೀಲ.

ಗೇಟು ತೆಗೆದು ಒಳಗೆ ಕರೆದೆ. ಜಗಲಿಯಲ್ಲಿ ಕೂರಿಸಿ, ಬೆಲ್ಲ ಮತ್ತು ನೀರು ತಂದಿಟ್ಟೆ. ಅದು ಯಾಕೆಂದು ಅವಳಿಗೆ ತಿಳಿಯಲಿಲ್ಲ, ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡಳು. ಅವಳು ನಿಧಾನವಾಗಿ ಮಾತಾಡಿದಾಗ ನನ್ನ ಅರೆಬರೆ ಹಿಂದಿಗೂ ಅರ್ಥವಾಯಿತು. ಏಜೆನ್ಸಿಯವರು ಅವಳನ್ನು ಕುದ್ರೋಳಿಯ ಒಂದು ಮನೆಗೆ ಕಳಿಸಬೇಕೆಂದಿದ್ದಾರೆ, ಆದರೆ ಆ ಮನೆಯವರಿಗೆ ಅನುಮಾನ. ಆ ರಾತ್ರಿ ಇವಳು ಮಲಗಿ ನಿದ್ದೆ ಮಾಡಿದ್ದಳು, ಅದಕ್ಕೇ ರೋಗಿ ಸತ್ತದ್ದು ಎಂದು ಸುದ್ದಿಯಾಗಿದೆ. ತಾನು ನಿದ್ದೆ ಮಾಡಿರಲಿಲ್ಲ, ಬೆಲ್ ಒತ್ತಿದ್ದೆ, ಮನೆ ಮನೆಗೂ ಓಡಿದ್ದೆ ಎಂದು ಹೇಳಬಲ್ಲವರು ಯಾರಾದರೂ ಬೇಕು. ನೋಡಿದವರು ನೀವೊಬ್ಬರೇ ಟೀಚರ್, ಒಂದು ಕಾಗದ ಬರೆದುಕೊಡುತ್ತೀರಾ ಎಂದಳು. ಕೇಳುವಾಗ ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನಾನು ಬರೆದುಕೊಡುವುದಿಲ್ಲವೇನೋ ಎಂಬ ಹೆದರಿಕೆ ಮಾತ್ರ ಇತ್ತು.

ಬರೆದೆ. ಇವಳು ಹನ್ನೊಂದು ಗಂಟೆಯ ನಂತರ ನನ್ನ ಗೇಟಿಗೆ ಬಂದಳು, ತಾನು ಅಮ್ಮ ಎನ್ನುತ್ತಿದ್ದ ಅಕ್ಕನನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಅತ್ತಳು, ನಾನು ಬಾಗಿಲು ತೆಗೆಯಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ, ಬೇರೆಯವರೂ ತೆಗೆಯದಂತೆ ಮಾಡಿದೆ. ಏನನ್ನೂ ಸಂಕ್ಷೇಪ ಮಾಡಲಿಲ್ಲ, ಎರಡು ಪುಟವಾಯಿತು. ಸಹಿ ಹಾಕಿ, ಫೋನ್ ನಂಬರು ಬರೆದು ಕೊಟ್ಟೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಎರಡೂ ಪುಟಗಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡಳು.

ಗೇಟಿನವರೆಗೆ ಜೊತೆಗೆ ಹೋದೆ. ಕೇಳಬಾರದು ಎಂದುಕೊಂಡಿದ್ದನ್ನು ಕೊನೆಗೆ ಕೇಳಿಯೇಬಿಟ್ಟೆ, ಆ ‘ಯಾನ್’ ಎನ್ನುವುದನ್ನು ನಿನಗೆ ಯಾರು ಕಲಿಸಿದರು ಎಂದು.

ಯಾರೂ ಕಲಿಸಲಿಲ್ಲ, ಅದರ ಅರ್ಥವೂ ತನಗೆ ಗೊತ್ತಿಲ್ಲ ಎಂದಳು. ಆ ರಾತ್ರಿ ಎಲ್ಲ ಮನೆಗಳೂ ಮುಚ್ಚಿದ ಮೇಲೆ ಅವಳು ಓಡಿಕೊಂಡು ಅಮ್ಮನ ಕೋಣೆಗೆ ಹೋಗಿದ್ದಳು. ಕಿಟಕಿ ತೆರೆದಿತ್ತು, ನಾನು ಕೂಗಿದ್ದು ಅಮ್ಮನಿಗೆ ಒಳಗೆ ಕೇಳಿತ್ತು. ಅಮ್ಮ ನನ್ನ ಮನೆಯ ಕಡೆಗೆ ಮುಖ ತಿರುಗಿಸಿಕೊಂಡು, ಉಸಿರು ಸಿಕ್ಕಾಗಲೆಲ್ಲ, ಕಾರು ಬರುವವರೆಗೂ ಅದೊಂದನ್ನೇ ಹೇಳುತ್ತಿದ್ದರು. ಹಾಗೆ ಹೇಳಿದರೆ ಈ ಬಾಗಿಲು ತೆಗೆಯುತ್ತಾರೆ ಎಂದು ತನಗೆ ಅವತ್ತು ತಿಳಿದಿರಲಿಲ್ಲ ಎಂದಳು.